ಬಿಎಂಸಿ ತೊಟ್ಟಿಗೊಬ್ಬ ರಾತ್ರಿ ಕಾವಲುಗಾರ: ಕಿರು ಕಂಪ್ಯೂಟರಿನ ಬಿಡಿಭಾಗಗಳನ್ನು ಆರಿಸಿ ಜೋಡಿಸುವ ಬಗೆ



ಘಟಪ್ರಭೆಗೆ ಧುಪದಾಳದಲ್ಲಿ ಒಡ್ಡು ಕಟ್ಟಿ ಎಡದಂಡೆ ಕಾಲುವೆ ತೆಗೆದು ನೂರು ವರ್ಷಕ್ಕೂ ಮೇಲಾಯಿತು. ಆ ನೀರಿನಿಂದ ಹಸಿರು ಮೇವು ಬೆಳೆಯಿತು, ಮೇವಿನಿಂದ ಹೈನು ಬೆಳೆಯಿತು. ಆಕಳು, ಎಮ್ಮೆ ಸಾಕಿ ಹಾಲು ಕರೆದು ಸಂಘಕ್ಕೆ ತರುವ ತನಕದ ಜವಾಬ್ದಾರಿ ನಿಮ್ಮದು. ಹಾಲು ಬಿಎಂಸಿ ತೊಟ್ಟಿಯೊಳಗೆ ಬಿದ್ದ ಮೇಲೆ ಆ ಜವಾಬ್ದಾರಿ ಎಲ್ಲರದೂ ಆಗುತ್ತದೆ. ಏಕೆಂದರೆ ತೊಟ್ಟಿಯಲ್ಲಿ ಕೂಡಿದ ಹಾಲಿಗೆ ಇದು ಯಾರದು ಎಂಬ ಗುರುತು ಇರುವುದಿಲ್ಲ. ಒಂದು ರಾತ್ರಿ ತೊಟ್ಟಿ ತಣ್ಣಗಾಗದೆ ಹಾಲು ಕೆಟ್ಟರೆ, ಸ್ವಚ್ಛವಾಗಿ ಕರೆದು ಹೊತ್ತಿಗೆ ಸರಿಯಾಗಿ ತಂದವರ ಹಾಲೂ ಅದರೊಡನೆ ಹೋಗುತ್ತದೆ.

ತೊಟ್ಟಿಯ ಉಷ್ಣತೆಯನ್ನು ಕಾರ್ಯದರ್ಶಿಯವರು ಸಂಜೆ ಒಮ್ಮೆ, ಮುಂಜಾನೆ ಒಮ್ಮೆ ನೋಡಿ ರಜಿಸ್ಟರಿನಲ್ಲಿ ಬರೆಯುತ್ತಾರೆ. ನಡುವಿನ ಎಂಟು ಹತ್ತು ತಾಸು ನೋಡುವವರಿಲ್ಲ. ಈ ಹೊತ್ತನ್ನು ಕಾಯಲು ಅಂಗೈ ಅಗಲದ ಒಂದು ಕಿರು ಕಂಪ್ಯೂಟರ್ ಸಾಕು. ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ನಿಮ್ಮ ಮನೆಯ ಮಕ್ಕಳು ಇಂತಹ ಬೋರ್ಡುಗಳನ್ನು ಹವ್ಯಾಸಕ್ಕೆಂದು ತಂದಿರುವುದನ್ನು ನೀವು ನೋಡಿರಬಹುದು. ಬೋರ್ಡು ಯಾವುದಾದರೂ ಆದೀತು. ಅದಕ್ಕೆ ಜೋಡಿಸುವ ಸೆನ್ಸರ್, ಗಡಿಯಾರ, ವಿದ್ಯುತ್ ಸರಬರಾಜು ಇವು ಸರಿಯಾಗಿದ್ದರೆ ಮಾತ್ರ ಅದರ ಮಾತನ್ನು ನಂಬಬಹುದು. ಆದ್ದರಿಂದ ಈ ಲೇಖನದಲ್ಲಿ ಬಿಡಿಭಾಗಗಳ ಬಗ್ಗೆಯೇ ಹೆಚ್ಚು ತಿಳಿಸಲಾಗಿದೆ.

ತಣ್ಣಗಿಡುವುದು ಏಕೆ?

ಕರೆದ ಹಾಲು ಸಂಘಕ್ಕೆ ಬರುವಾಗ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಈ ಬೆಚ್ಚಗಿನ ಹವೆಯಲ್ಲಿ ಕೆಲವು ಅಣುಜೀವಿಗಳು ಅರ್ಧ ತಾಸಿಗೊಮ್ಮೆ ಇಮ್ಮಡಿಯಾಗಬಲ್ಲವು. ಹಾಗಾದರೆ ಮೂರು ತಾಸಿಗೆ ಒಂದು ಅರವತ್ನಾಲ್ಕಾಯಿತು. ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಈ ಬೆಳವಣಿಗೆ ಬಹಳ ಮಂದವಾಗುತ್ತದೆ. ಆದರೆ ಅಣುಜೀವಿಗಳು ಸಾಯುವುದಿಲ್ಲ. ಮತ್ತೆ ಬೆಚ್ಚಗಾದರೆ ಮತ್ತೆ ಬೆಳೆಯುತ್ತವೆ. ನಡುರಾತ್ರಿ ಬೆಚ್ಚಗಾಗಿ ಮುಂಜಾನೆ ಪುನಃ ತಣ್ಣಗಾದ ಹಾಲು ರಜಿಸ್ಟರಿನಲ್ಲಿ 4 ಡಿಗ್ರಿ ಎಂದೇ ದಾಖಲಾಗುತ್ತದೆ, ಆದರೆ ಡೇರಿಯಲ್ಲಿ ಕುದಿಸಿ ನೋಡುವಾಗ ಒಡೆಯುತ್ತದೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಸಂಘದ ಕೋಣೆಯಲ್ಲಿ ದೀಪ ಉರಿಯುತ್ತಿದೆ ಎಂದಮಾತ್ರಕ್ಕೆ ಕಂಪ್ರೆಸರ್ ನಡೆಯುತ್ತಿದೆ ಎಂದರ್ಥವಲ್ಲ. ದೀಪಕ್ಕೆ ಒಂದು ಫೇಸು ಸಾಕು, ದೊಡ್ಡ ತೊಟ್ಟಿಯ ಕಂಪ್ರೆಸರಿಗೆ ಮೂರೂ ಫೇಸು ಬೇಕು. ಒಂದು ಫ್ಯೂಸು ಹೋದರೂ ದೀಪ ಉರಿಯುತ್ತಿರಬಹುದು, ತೊಟ್ಟಿ ಮಾತ್ರ ನಿಂತಿರುತ್ತದೆ. ಕರೆಂಟು ಇದೆಯೋ ಇಲ್ಲವೋ ಎಂದು ನೋಡುವುದಕ್ಕಿಂತ ಹಾಲಿನ ಉಷ್ಣತೆಯನ್ನೇ ನೋಡುವುದು ಸರಿಯಾದ ಸಾಕ್ಷಿ.

ಬೋರ್ಡು ಎಂದರೇನು?

ರಾಸ್ಪ್‌ಬೆರಿ ಪೈ ಎಂಬ ಬೋರ್ಡು 2012ರ ಫೆಬ್ರುವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಹೊರಬಂದಿತು. ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಮಾಡಿದ್ದು, ಈಗ ಎಲ್ಲ ಬಗೆಯ ಕೆಲಸಕ್ಕೂ ಬಳಕೆಯಾಗುತ್ತಿದೆ. 2014ರಿಂದ ಈಚೆಗೆ ಇದರ ಸಾಮಾನ್ಯ ಮಾದರಿಗಳಲ್ಲಿ ಎರಡು ಸಾಲುಗಳಲ್ಲಿ 40 ಪಿನ್ನುಗಳಿವೆ. ಸೆನ್ಸರ್, ಗಡಿಯಾರ ಮೊದಲಾದವನ್ನು ಜೋಡಿಸುವುದು ಈ ಪಿನ್ನುಗಳಿಗೇ. ಉಷ್ಣತೆ ನೋಡುವ ಕೆಲಸಕ್ಕೆ ದೊಡ್ಡ ಮಾದರಿ ಬೇಕಿಲ್ಲ, 2021ರಲ್ಲಿ ಬಂದ ಝೀರೋ 2 ಡಬ್ಲ್ಯೂ ಸಾಕಾಗುತ್ತದೆ. ಅದನ್ನು ಕೊಳ್ಳುವಾಗ ಪಿನ್ನುಗಳನ್ನು ಬೆಸುಗೆ ಹಾಕಿ ಕೊಡುತ್ತಾರೆಯೇ ಎಂದು ಕೇಳಿ. ಬರಿಯ ತೂತುಗಳಿರುವ ಬೋರ್ಡು ತಂದರೆ ಬೆಸುಗೆ ಹಾಕಬಲ್ಲವರನ್ನು ಹುಡುಕಬೇಕಾಗುತ್ತದೆ.

ಬಿಡಿಭಾಗ ಕೊಳ್ಳುವಾಗ

1. ಉಷ್ಣತೆಯ ಸೆನ್ಸರ್: ಡಿಎಸ್18ಬಿ20 ಎಂಬ ಸೆನ್ಸರ್ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಸ್ಟೀಲಿನ ಕೊಳವೆಯಲ್ಲಿ ಕೂಡಿಸಿ, ಮೂರು ತಂತಿಯ ಕೇಬಲ್ ಸಹಿತ ಸಿಗುತ್ತದೆ. ಅಸಲಿಯಾದರೆ ಮೈನಸ್ 10ರಿಂದ 85 ಡಿಗ್ರಿಯವರೆಗೆ ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪುವುದಿಲ್ಲ. ಆದರೆ ಇದರ ನಕಲಿಗಳು ಪೇಟೆಯಲ್ಲಿ ಬಹಳ. ಎರಡು ಸೆನ್ಸರ್ ತಂದು ಒಂದಕ್ಕೊಂದು ಹೋಲಿಸಿ ನೋಡುವುದು ಜಾಣತನ.

2. ರೆಸಿಸ್ಟರ್: 4.7 ಕಿಲೋ ಓಮ್‌ನದು ಒಂದು ಬೇಕು. ಒಂದೆರಡು ರೂಪಾಯಿಯ ವಸ್ತು. ಇದಿಲ್ಲದಿದ್ದರೆ ಸೆನ್ಸರ್ ಮಾತನಾಡುವುದಿಲ್ಲ.

3. ಗಡಿಯಾರ: ಝೀರೋ ಮಾದರಿಯಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟು ಹೋಗಿ ಬಂದಾಗ ಇಂಟರ್ನೆಟ್ ಸಿಗದಿದ್ದರೆ ವೇಳೆ ತಪ್ಪುತ್ತದೆ, ದಾಖಲೆಗೆ ಬೆಲೆ ಉಳಿಯುವುದಿಲ್ಲ. ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲು ವರ್ಷಕ್ಕೆ ಸುಮಾರು ಒಂದು ನಿಮಿಷದಷ್ಟೇ ತಪ್ಪುತ್ತದೆ. ಕೆಲವು ಮಾಡ್ಯೂಲುಗಳಲ್ಲಿ ಬ್ಯಾಟರಿಗೆ ಚಾರ್ಜು ಕೊಡುವ ಏರ್ಪಾಡು ಇರುತ್ತದೆ. ಅಂಥದರಲ್ಲಿ ಚಾರ್ಜು ಮಾಡಬಾರದ ಸಿಆರ್2032 ಸೆಲ್ ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬುವ ಅಪಾಯವಿದೆ. ಕೊಳ್ಳುವ ಮುನ್ನ ಕೇಳಿ ತಿಳಿಯಿರಿ.

4. ಮೆಮೊರಿ ಕಾರ್ಡು: ಮೇಲೆ ಬರೆದಷ್ಟು ಜಾಗ ಒಳಗಿಲ್ಲದ ನಕಲಿ ಕಾರ್ಡುಗಳಿವೆ. ತಂದ ದಿನವೇ ಕಾರ್ಡು ತುಂಬುವಷ್ಟು ಕಡತ ಹಾಕಿ, ತಿರುಗಿ ಓದಿ ಪರೀಕ್ಷಿಸಿ. ಕ್ಯಾಮೆರಾ ರೆಕಾರ್ಡಿಂಗಿಗೆಂದು ಮಾರುವ, ಹೆಚ್ಚು ಬಾಳಿಕೆಯ ಕಾರ್ಡು ಒಳ್ಳೆಯದು.

5. ವಿದ್ಯುತ್: ಝೀರೋ 2 ಡಬ್ಲ್ಯೂಗೆ 5 ವೋಲ್ಟ್, 2.5 ಆಂಪಿಯರ್ ಅಡಾಪ್ಟರ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಹಾಕಿದರೆ ನಡುನಡುವೆ ಬೋರ್ಡು ನಿಲ್ಲಬಹುದು. ಕರೆಂಟು ಹೋದ ಹೊತ್ತಿಗೇ ಕಾವಲು ಬೇಕಾಗಿರುವುದರಿಂದ ಸಂಘದ ಇನ್ವರ್ಟರಿನಿಂದ ಸಂಪರ್ಕ ಕೊಡುವುದು ಉತ್ತಮ. ಇನ್ವರ್ಟರ್ ಇಲ್ಲದವರು ಬೋರ್ಡಿನ ಮೇಲೆ ಕೂಡುವ ಚಿಕ್ಕ ಯುಪಿಎಸ್ ಕೊಳ್ಳಬಹುದು. ಅದಕ್ಕೆ ಹಾಕುವ 18650 ಅಳತೆಯ ಲಿಥಿಯಂ ಸೆಲ್ ಮೇಲೆ 9900 ಎಂದು ಬರೆದಿದ್ದರೆ ನಂಬಬೇಡಿ. ಈ ಅಳತೆಯ ಒಳ್ಳೆಯ ಸೆಲ್ಲುಗಳ ಸಾಮರ್ಥ್ಯ ಸಾಮಾನ್ಯವಾಗಿ 3500 ಮಿಲಿ ಆಂಪಿಯರ್ ಅವರ್ ಆಸುಪಾಸು.

6. ಸುದ್ದಿ ಮುಟ್ಟಿಸುವ ಸಾಧನ: ರಾತ್ರಿ ಸಂಘದಲ್ಲಿ ಯಾರೂ ಇರದಿದ್ದರೆ ಬಜರ್ ಬಡಿದು ಉಪಯೋಗವಿಲ್ಲ, ಮೊಬೈಲಿಗೆ ಸುದ್ದಿ ಹೋಗಬೇಕು. ಅಗ್ಗವೆಂದು ಸಿಮ್800 ಮಾಡ್ಯೂಲು ಕೊಳ್ಳುವ ಮುನ್ನ ಯೋಚಿಸಿ. ಅದು 2ಜಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. 2016ರಲ್ಲಿ ಸೇವೆ ಆರಂಭಿಸಿದ ಜಿಯೋಗೆ 2ಜಿ ಜಾಲವೇ ಇಲ್ಲ. ನಿಮ್ಮ ಊರಿನಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ ಚೆನ್ನಾಗಿದೆ ಎಂದು ಮೊದಲು ನೋಡಿ, ಅದಕ್ಕೆ ಹೊಂದುವ 4ಜಿ ಡಾಂಗಲ್ ತರುವುದು ಮೇಲು.

ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ ಇಂತಹ ಸಾಮಾನಿಗೆ ಹೆಸರಾದ ಪೇಟೆಗಳು. ಅಂಚೆ, ಕೊರಿಯರ್ ಮೂಲಕ ತರಿಸಲೂ ಬರುತ್ತದೆ. ಎಲ್ಲಿ ಕೊಂಡರೂ ಸಂಘದ ಹೆಸರಿನಲ್ಲಿ ಜಿಎಸ್‌ಟಿ ಬಿಲ್ ಪಡೆಯಿರಿ. ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ದರಪಟ್ಟಿ ತರಿಸಿ, ಆಮೇಲೆ ಕೊಂಡರೆ ಲೆಕ್ಕ ತಪಾಸಣೆಯಲ್ಲಿ ತೊಡಕಾಗದು. ಸೆನ್ಸರ್, ಕಾರ್ಡು, ಅಡಾಪ್ಟರ್ ಇವನ್ನು ಒಂದೊಂದು ಹೆಚ್ಚಿಗೆ ತರಿಸಿಡಿ. ಕೆಟ್ಟ ದಿನ ಗೋಕಾಕಕ್ಕೆ ಓಡಿದರೂ ಅವು ತಕ್ಷಣ ಸಿಗುವ ಖಾತರಿ ಇಲ್ಲ.

ಜೋಡಿಸುವ ಕ್ರಮ

ಮೊದಲು ಬೋರ್ಡಿನ ವಿದ್ಯುತ್ ತೆಗೆಯಿರಿ. ಈ ಬೋರ್ಡಿನ ಸಂಕೇತದ ಪಿನ್ನುಗಳು 3.3 ವೋಲ್ಟ್ ಮಾತ್ರ ತಡೆಯಬಲ್ಲವು. 5 ವೋಲ್ಟ್ ತಾಗಿದರೆ ಬೋರ್ಡು ಸುಟ್ಟುಹೋದೀತು. ಆರ್ಡುಯಿನೋಕ್ಕೆಂದು ತಂದ 5 ವೋಲ್ಟಿನ ಬಿಡಿಭಾಗವನ್ನು ನೇರವಾಗಿ ಇದಕ್ಕೆ ಹಚ್ಚಬಾರದು.

ಸೆನ್ಸರಿನ ಕೆಂಪು ತಂತಿಯನ್ನು 17ನೇ ಪಿನ್ನಿಗೆ, ಕಪ್ಪು ತಂತಿಯನ್ನು 6ನೇ ಪಿನ್ನಿಗೆ, ಹಳದಿ ತಂತಿಯನ್ನು 7ನೇ ಪಿನ್ನಿಗೆ ಕೊಡಿ. ಕೆಂಪು ಮತ್ತು ಹಳದಿ ತಂತಿಗಳ ನಡುವೆ ರೆಸಿಸ್ಟರ್ ಹಾಕಿ. ತಂತಿಯ ಬಣ್ಣ ಎಲ್ಲ ತಯಾರಕರದೂ ಒಂದೇ ಅಲ್ಲವಾದ್ದರಿಂದ ಜೊತೆಗೆ ಬಂದ ಚೀಟಿ ನೋಡಿಕೊಳ್ಳಿ.

ಗಡಿಯಾರದ ಮಾಡ್ಯೂಲಿಗೆ 1ನೇ ಪಿನ್ನಿನಿಂದ 3.3 ವೋಲ್ಟ್, 3 ಮತ್ತು 5ರಿಂದ ಸಂಕೇತ, 9ರಿಂದ ನೆಲ ಸಂಪರ್ಕ. ಐದು ತೂತಿನ ಪುಟ್ಟ ಮಾಡ್ಯೂಲನ್ನು ನೇರವಾಗಿ ಪಿನ್ನುಗಳ ಮೇಲೆ ಕೂಡಿಸಿದರೆ 7ನೇ ಪಿನ್ನು ಅದರಡಿ ಮುಚ್ಚಿಹೋಗುತ್ತದೆ, ಸೆನ್ಸರಿಗೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಅದನ್ನು ನಾಲ್ಕು ತಂತಿಗಳ ಮೂಲಕ ಜೋಡಿಸಿ. ಒಂದಕ್ಕಿಂತ ಹೆಚ್ಚು ಬಿಡಿಭಾಗ ತರುವವರು ಯಾವುದಕ್ಕೆ ಯಾವ ಪಿನ್ನು ಎಂದು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಆ ಕಾಗದವನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ.

ಆಮೇಲೆ ಬೋರ್ಡಿನ ಸೆಟ್ಟಿಂಗ್ ಪಟ್ಟಿಯಲ್ಲಿ ಸೆನ್ಸರಿಗಾಗಿ ಒನ್-ವೈರ್, ಗಡಿಯಾರಕ್ಕಾಗಿ ಐ2ಸಿ ಎಂಬ ಎರಡು ಸಂಪರ್ಕಗಳನ್ನು ಚಾಲೂ ಮಾಡಿ ಪುನಃ ಆರಂಭಿಸಬೇಕು. ಡಿಎಸ್3231 ಇದೆಯೆಂದು ವ್ಯವಸ್ಥೆಯ ಕಡತದಲ್ಲಿ ಒಂದು ಸಾಲು ಸೇರಿಸಬೇಕು. ಸೆನ್ಸರ್ ಸರಿಯಾಗಿ ಕೂಡಿದ್ದರೆ 28ರಿಂದ ಆರಂಭವಾಗುವ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದು 4062 ಎಂದು ಕೊಟ್ಟರೆ 4.062 ಡಿಗ್ರಿ ಎಂದು ತಿಳಿಯಬೇಕು. ಒಮ್ಮೆಲೇ ಸರಿಯಾಗಿ 85 ಡಿಗ್ರಿ ಬಂದರೆ ಗಾಬರಿಯಾಗಬೇಡಿ. ಹಾಲು ಕಾದಿಲ್ಲ. ಸೆನ್ಸರ್ ಆಗತಾನೆ ಚಾಲೂ ಆಗಿ, ಇನ್ನೂ ಅಳೆಯದೆ ಇದ್ದಾಗ ಕೊಡುವ ಅಂಕಿ ಅದು. ಪದೇಪದೇ ಬಂದರೆ ತಂತಿ ಸಡಿಲವಿದೆ ಅಥವಾ ವಿದ್ಯುತ್ ಸಾಲುತ್ತಿಲ್ಲ.

ತೊಟ್ಟಿಗೆ ಹಚ್ಚುವ ಮುನ್ನ

ಸೆನ್ಸರನ್ನು ಮೊದಲು ಬರ್ಫದ ನೀರಿನಲ್ಲಿ ಪರೀಕ್ಷಿಸಿ. ಥರ್ಮಾಸಿನಲ್ಲಿ ಪುಡಿ ಮಾಡಿದ ಬರ್ಫ ತುಂಬಿ, ಸ್ವಲ್ಪ ನೀರು ಹಾಕಿ ಕಲಕಿ, ಸೆನ್ಸರ್ ಇಳಿಬಿಟ್ಟು ಐದು ನಿಮಿಷ ಕಾಯಿರಿ. ಸೊನ್ನೆಯ ಆಚೀಚೆ ಅರ್ಧ ಡಿಗ್ರಿಯೊಳಗೆ ಬಂದರೆ ಇಟ್ಟುಕೊಳ್ಳಿ, ಇಲ್ಲವಾದರೆ ಹಿಂದಿರುಗಿಸಿ. ವರ್ಷಕ್ಕೆರಡು ಸಲ ಈ ಪರೀಕ್ಷೆ ಮಾಡಬೇಕು.

ಸೆನ್ಸರನ್ನು ಹಾಲಿನೊಳಗೆ ಎಂದಿಗೂ ಬಿಡಬಾರದು. ಹೊಳೆಯುವ ಕೊಳವೆಯೆಲ್ಲ ಆಹಾರಕ್ಕೆ ಯೋಗ್ಯವಾದ ಸ್ಟೀಲ್ ಅಲ್ಲ. ಅದರ ಸಂದಿಯಲ್ಲಿ ಕೊಳೆ ನಿಂತರೆ ಕಾಯಬೇಕಾದ ಸಾಧನವೇ ಹಾಲು ಕೆಡಿಸುತ್ತದೆ. ತೊಟ್ಟಿಯಲ್ಲಿ ಸೆನ್ಸರ್ ಕೂಡಿಸುವ ಕಿಸೆಯಂತಹ ಕೊಳವೆ ಇದ್ದರೆ ಒಕ್ಕೂಟದ ತಾಂತ್ರಿಕ ಸಿಬ್ಬಂದಿಯನ್ನು ಕೇಳಿ ಅದರಲ್ಲಿ ಇಡಿಸಿರಿ. ತೊಟ್ಟಿಗೆ ತೂತು ಕೊರೆಯುವುದಾಗಲಿ, 230 ವೋಲ್ಟಿನ ತಂತಿ ಮುಟ್ಟುವುದಾಗಲಿ ಹವ್ಯಾಸಿಗಳ ಕೆಲಸವಲ್ಲ. ಅದಕ್ಕೆ ಪರವಾನಗಿ ಇರುವ ಇಲೆಕ್ಟ್ರಿಷಿಯನ್ ಬೇಕು.

ತೊಟ್ಟಿ ತೊಳೆಯುವ ಕೋಣೆ ಸದಾ ಹಸಿ. ಬೋರ್ಡನ್ನು ನೀರು ಹೋಗದ ಪೆಟ್ಟಿಗೆಯಲ್ಲಿಟ್ಟು, ಎದೆಮಟ್ಟಕ್ಕಿಂತ ಮೇಲೆ ಗೋಡೆಗೆ ಹಚ್ಚಿ. ಕೇಬಲ್ ಒಳಹೋಗುವ ತೂತನ್ನು ಮುಚ್ಚದಿದ್ದರೆ ಹಲ್ಲಿ, ಇರುವೆ ಸೇರಿಕೊಳ್ಳುತ್ತವೆ. ಸೆನ್ಸರಿನ ಕೇಬಲನ್ನು ಕಂಪ್ರೆಸರಿನ ಕೇಬಲಿನ ಜೊತೆ ಕಟ್ಟಬಾರದು.

ಎಚ್ಚರಿಕೆಯ ಮಿತಿ

500 ಲೀಟರ್ 4 ಡಿಗ್ರಿಯ ಹಾಲಿನ ಮೇಲೆ 500 ಲೀಟರ್ 34 ಡಿಗ್ರಿಯ ಹಾಲು ಒಮ್ಮೆಗೇ ಬಿದ್ದರೆ ಒಟ್ಟು ಹಾಲು 19 ಡಿಗ್ರಿಗೆ ಏರುತ್ತದೆ. ಇದು ತೊಂದರೆಯಲ್ಲ, ದಿನದ ವ್ಯವಹಾರ. 5 ಡಿಗ್ರಿ ದಾಟಿದ ಕೂಡಲೆ ಕೂಗುವಂತೆ ಇಟ್ಟರೆ ದಿನಾಲೂ ಕೂಗುತ್ತದೆ, ನಾಲ್ಕು ದಿನಕ್ಕೆ ಯಾರೂ ಕಿವಿಗೊಡುವುದಿಲ್ಲ. ಆದ್ದರಿಂದ ಎರಡು ನಿಯಮ ಇಡಿ. ಸಂಗ್ರಹಣೆ ಮುಗಿದು ಮೂರು ತಾಸಾದರೂ 5 ಡಿಗ್ರಿಗೆ ಇಳಿಯದಿದ್ದರೆ ಸುದ್ದಿ ಬರಲಿ. ಒಮ್ಮೆ ತಣ್ಣಗಾದ ಹಾಲು ಸಂಗ್ರಹಣೆಯ ವೇಳೆಯಲ್ಲದ ಹೊತ್ತಿನಲ್ಲಿ 2 ಡಿಗ್ರಿ ಏರಿದರೆ ಸುದ್ದಿ ಬರಲಿ.

ದಿನಾಲೂ ರಾತ್ರಿ ಮಲಗುವ ಮುನ್ನ "ಎಲ್ಲ ಸರಿ" ಎಂಬ ಒಂದು ಸಂದೇಶವೂ ಬರಬೇಕು. ಅದು ಬಾರದಿದ್ದರೆ ಕಾವಲುಗಾರನೇ ಮಲಗಿದ್ದಾನೆ ಎಂದು ತಿಳಿದು ಹೋಗಿ ನೋಡಬೇಕು. ಸುದ್ದಿ ಕಾರ್ಯದರ್ಶಿಯವರೊಬ್ಬರಿಗೇ ಅಲ್ಲದೆ, ಜನರೇಟರ್ ಹಚ್ಚಬಲ್ಲ ಇನ್ನಿಬ್ಬರಿಗೂ ಹೋಗಲಿ. ಜನರೇಟರಿನಲ್ಲಿ ಡೀಸೆಲ್ ಇಲ್ಲದಿದ್ದರೆ ಯಾವ ಕಂಪ್ಯೂಟರೂ ಹಾಲು ಉಳಿಸಲಾರದು.

ಇದರ ಮಿತಿ ತಿಳಿದಿರಲಿ

ಈ ಸಾಧನ ಕಾಯುವುದಕ್ಕೆ ಮಾತ್ರ. ಹಾಲಿನ ತೂಕ, ಫ್ಯಾಟು, ಎಸ್‌ಎನ್‌ಎಫ್ ಅಳೆದು ಹಣ ಬಟವಾಡೆ ಮಾಡುವ ಕೆಲಸಕ್ಕೆ ಮನೆಯಲ್ಲಿ ಕೂಡಿಸಿದ ಸಾಧನ ಬಳಸಕೂಡದು. ತೂಕದ ಯಂತ್ರಕ್ಕೆ 2009ರ ಕಾನೂನು ಮಾಪನ ಶಾಸ್ತ್ರ ಕಾಯ್ದೆಯಂತೆ ಮುದ್ರೆ ಇರಲೇಬೇಕು. ಇಡೀ ವ್ಯವಸ್ಥೆಯನ್ನೇ ಸಿದ್ಧವಾಗಿ ಕೊಡುವ ಕಂಪನಿಗಳೂ ಇವೆ. 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಟೆಲ್ಲಾಪ್ಸ್ ಅಂಥದೊಂದು. ದೊಡ್ಡ ಕೇಂದ್ರಗಳು ಅದನ್ನೂ ವಿಚಾರಿಸಬಹುದು. ತಾವೇ ಜೋಡಿಸುವ ಸಂಘಗಳು ಹುಕ್ಕೇರಿ ತಾಲೂಕಿನ ನಿಡಸೋಶಿಯ ಇಂಜಿನಿಯರಿಂಗ್ ಕಾಲೇಜಿನಂತಹ ಕಡೆ ಓದುತ್ತಿರುವ ತಮ್ಮ ಊರಿನ ವಿದ್ಯಾರ್ಥಿಗಳನ್ನು ಕರೆದು ಕೇಳಲಿ. ಆದರೆ ಹುಡುಗ ಓದು ಮುಗಿಸಿ ಊರು ಬಿಟ್ಟ ಮೇಲೂ ನಡೆಯಬೇಕಾದರೆ ಸಂಘದ ಒಬ್ಬ ಸಿಬ್ಬಂದಿ ಎಲ್ಲ ಕೆಲಸವನ್ನೂ ಜೊತೆಯಲ್ಲಿದ್ದು ಕಲಿತಿರಬೇಕು.

ಮೊದಲ ಒಂದು ತಿಂಗಳು ಕಂಪ್ಯೂಟರಿನ ಅಂಕಿ, ತೊಟ್ಟಿಯ ಮೇಲಿನ ಅಂಕಿ ಎರಡನ್ನೂ ಪಕ್ಕಪಕ್ಕದಲ್ಲಿ ರಜಿಸ್ಟರಿನಲ್ಲಿ ಬರೆಯಿರಿ. ಎರಡೂ ಹೊಂದಿದರೆ ನಂಬಿರಿ. ನಂಬಿದ ಮೇಲೂ ರಜಿಸ್ಟರ್ ಬರೆಯುವುದನ್ನು ಬಿಡಬೇಡಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ, ನಮ್ಮ ತೊಟ್ಟಿಯನ್ನು ರಾತ್ರಿ ಎರಡು ಗಂಟೆಗೆ ಯಾರು ನೋಡುತ್ತಾರೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಸಂಘದ ಸದಸ್ಯರೂ ಕೇಳಬೇಕೆಂದು ಕೋರುತ್ತೇವೆ.