ತುಕ್ಕು ತಿಂದ ಕತ್ತಿಗೆ ವಿದ್ಯುತ್ ಸ್ನಾನ

1857ರಲ್ಲಿ ಆಂಗ್ಲ ಸರಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳಲು ಕಾಯಿದೆ ಮಾಡಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ತಲೆಬಾಗಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯವು ಊರಿನ ಮೇಲೆ ಬಿದ್ದಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಆಯುಧವೆಂದರೆ ಅವರಿಗೆ ಬರಿಯ ಕಬ್ಬಿಣವಾಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಯಾವ ಕಾಯಿದೆಯ ಹಂಗೂ ಇಲ್ಲದೆ ಮನೆಮನೆಯ ಆಯುಧಗಳನ್ನು ಕಸಿಯುವ ವೈರಿಯೊಂದಿದೆ. ಅದೇ ತುಕ್ಕು.

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಖಂಡೇನವಮಿ ಬಂದಿತೆಂದರೆ ಹಳೆಯ ಕತ್ತಿ, ಕೊಡಲಿ, ಕುಡುಗೋಲುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಪೂಜೆಗೆ ಮೊದಲು ಉಜ್ಜುವ ಕೆಲಸ. ಅರದಿಂದ ಉಜ್ಜಿದರೆ ತುಕ್ಕಿನೊಡನೆ ಕಬ್ಬಿಣವೂ ಹೋಗುತ್ತದೆ. ಆಮ್ಲದಲ್ಲಿ ಅದ್ದಿದರೆ ಅದು ತುಕ್ಕನ್ನು ತಿಂದು, ತೃಪ್ತಿಯಾಗದೆ ಒಳ್ಳೆಯ ಲೋಹಕ್ಕೂ ಬಾಯಿ ಹಾಕುತ್ತದೆ. ಅಜ್ಜನ ಕತ್ತಿಯ ಮೇಲೆ ಕೆತ್ತಿದ ಅಕ್ಷರಗಳಿದ್ದರೆ ಅವುಗಳ ಕಥೆ ಅಲ್ಲಿಗೆ ಮುಗಿಯಿತು.

ಕಬ್ಬಿಣವು ತನ್ನ ಇಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಒಪ್ಪಿಸಿ, ನೀರಿನೊಡನೆ ಕೂಡಿಕೊಂಡ ಸ್ಥಿತಿಯೇ ತುಕ್ಕು. ಹೋದ ಇಲೆಕ್ಟ್ರಾನುಗಳನ್ನು ವಿದ್ಯುತ್ತಿನಿಂದ ಮರಳಿ ಕೊಟ್ಟರೆ? ಇದಕ್ಕೆ ಅಪಕರ್ಷಣವೆಂದು ಹೆಸರು. ಪ್ಲಾಸ್ಟಿಕ್ ತೊಟ್ಟಿಯ ನೀರಿಗೆ ಲೀಟರಿಗೊಂದು ಚಮಚದಂತೆ ಬಟ್ಟೆ ಸೋಡ ಕರಗಿಸಿ, 12 ವೋಲ್ಟಿನ ಬ್ಯಾಟರಿಯ ಋಣ ತಂತಿಗೆ ತುಕ್ಕಿನ ವಸ್ತುವನ್ನೂ ಧನ ತಂತಿಗೆ ಗುಜರಿ ಕಬ್ಬಿಣದ ತುಂಡನ್ನೂ ಬಿಗಿದು, ಒಂದಕ್ಕೊಂದು ತಾಗದಂತೆ ಮುಳುಗಿಸುತ್ತಾರೆ. ತಂತಿಗಳು ಅದಲುಬದಲಾದರೆ ಕತ್ತಿಯೇ ಸವೆಯತೊಡಗುತ್ತದೆ! ಧನ ತಂತಿಗೆ ಸ್ಟೇನ್‌ಲೆಸ್ ಉಕ್ಕು ಸಲ್ಲದು. ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಕತ್ತಿಯಿಂದ ಏಳುವ ಗುಳ್ಳೆಗಳು ಜಲಜನಕದವು, ಕಿಡಿ ತಾಗಿದರೆ ಸಿಡಿಯುವಂಥವು; ಆದ್ದರಿಂದ ಕೆಲಸ ಬಯಲಿನಲ್ಲಿಯೇ ಆಗಬೇಕು.

ಕಳೆದುಹೋದ ಕಬ್ಬಿಣವೆಲ್ಲ ಹೀಗೆ ಮರಳಿ ಬರುವುದೆಂದು ನಂಬುವವರುಂಟು. ಹಾಗಿಲ್ಲ. ಕೆಂಪು ತುಕ್ಕಿನ ಒಂದು ಪಾಲು ಕಪ್ಪು ಮ್ಯಾಗ್ನೆಟೈಟ್ ಆಗುತ್ತದೆ. ಅಲ್ಪಸ್ವಲ್ಪ ಕಬ್ಬಿಣದ ಪುಡಿಯಾದರೂ ಅದು ಅಲಗಿನ ಗುಳಿಗಳನ್ನು ತುಂಬುವುದಿಲ್ಲ. ಉಳಿದದ್ದು ಸಡಿಲಗೊಂಡು ಕುಂಚಕ್ಕೆ ಉದುರುತ್ತದೆ. ಕೆಳಗಿನ ಒಳ್ಳೆಯ ಲೋಹ ಸವೆಯದೆ ಉಳಿಯುವುದೇ ಇಲ್ಲಿಯ ಲಾಭ.

ಕಂಬಾರನು ಕುಡುಗೋಲಿಗೆ ಹದ ಕೊಡುವಾಗ ಅಲಗಿನ ಮೇಲೆ ಹೊನ್ನಬಣ್ಣವೂ ನೀಲಿಯೂ ಸುಳಿಯುವುದನ್ನು ವಾಚಕರು ಕಂಡಿರಬಹುದು. ಅದೂ ಕಬ್ಬಿಣದ ಆಕ್ಸೈಡಿನ ಪೊರೆಯೇ. ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲನ್ನೂ ಮುಟ್ಟದು. ಅದನ್ನು ಅಪಕರ್ಷಿಸಲು ತಗಲುವ ವಿದ್ಯುತ್ತನ್ನು ಎಣಿಸಿಯೇ ದಪ್ಪವನ್ನು ಅಳೆಯುವ ಉಪಾಯವನ್ನು ಕೇಂಬ್ರಿಜ್ಜಿನ ಯೂಲಿಕ್ ಇವಾನ್ಸ್ ಮತ್ತು ಅವರ ಸಂಗಡಿಗರು 1930ರ ದಶಕದಲ್ಲಿ ಬಳಸಿದರು.

ಆದರೆ ನೆಲದಿಂದ ತೆಗೆದ ಆಯುಧದ ಮಾತು ಬೇರೆ. ಅದು ಒಮ್ಮೊಮ್ಮೆ ಪೂರ್ತಿ ತುಕ್ಕೇ ಆಗಿ ಆಕಾರವನ್ನು ಮಾತ್ರ ಉಳಿಸಿಕೊಂಡಿರುತ್ತದೆ. ಅಂಥದನ್ನು ಈ ಸ್ನಾನಕ್ಕಿಳಿಸಿದರೆ ಗುಳ್ಳೆಗಳು ಅದನ್ನು ಒಡೆದುಹಾಕಿ, ತೊಟ್ಟಿಯ ತಳದಲ್ಲಿ ಕೆಸರಷ್ಟೇ ಉಳಿದೀತು. ಅಯಸ್ಕಾಂತ ಹಿಡಿಯಿತೆಂದು ಧೈರ್ಯ ತಾಳುವಂತೆಯೂ ಇಲ್ಲ. ಮ್ಯಾಗ್ನೆಟೈಟೂ ಅದಕ್ಕೆ ಅಂಟುತ್ತದೆ. ಸವಳು ನೆಲದಲ್ಲಿ ಹೂತಿದ್ದ ಕಬ್ಬಿಣದೊಳಗೆ ಉಪ್ಪಿನ ಅಂಶ ಸೇರಿದ್ದರೆ ಅದು ಹೊರಬರುವ ತನಕ ತುಕ್ಕು ಮತ್ತೆ ಮತ್ತೆ ಒಡೆಯುತ್ತದೆ. ಇಂಥವನ್ನು ಎಕ್ಸ್-ರೇ ತೆಗೆದು ಪರೀಕ್ಷಿಸಿ, ತಿಂಗಳುಗಟ್ಟಲೆ ಕ್ಷಾರದಲ್ಲಿರಿಸಿ ಉಪ್ಪು ಬಿಡಿಸುವ ಸಂಗ್ರಹಾಲಯದ ತಜ್ಞರ ಕೈಗೆ ಒಪ್ಪಿಸುವುದೇ ಲೇಸು.

ಗಟ್ಟಿ ಲೋಹದ ಕೊಡಲಿ ಕುಡುಗೋಲುಗಳಿಗೆ ಕೆಲವು ತಾಸು ಸಾಕು. ವಿದ್ಯುತ್ತನ್ನು ನಿಲ್ಲಿಸಿ, ಹೊರತೆಗೆದೊಡನೆ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಎಣ್ಣೆಯನ್ನೋ ಮೇಣವನ್ನೋ ಸವರಬೇಕು. ತಡಮಾಡಿದರೆ ನೋಡನೋಡುತ್ತಲೇ ಕೆಂಪು ಮತ್ತೆ ಕಾಣಿಸಿಕೊಳ್ಳುತ್ತದೆ.