ಒಂದು ಎಳೆ, ಮೂವತ್ತೆರಡು ಮನೆ



ಹಸುವಿನ ಕೆಚ್ಚಲು ಬಾತಾಗ ನೀವು ವಿಡಿಯೊ ಕಳುಹಿಸಿದರೆ, ನಾನು ಬಂದು ತಲುಪುವ ಮೊದಲೇ ಏನು ಮಾಡಬೇಕೆಂದು ಹೇಳಬಹುದು. ಅದಕ್ಕೆ ಊರಿನಲ್ಲಿ ಒಳ್ಳೆಯ ಇಂಟರ್‌ನೆಟ್ ಇರಬೇಕು. ಭಾರತ್‌ನೆಟ್ ಯೋಜನೆಯಡಿ ಗ್ರಾಮ ಪಂಚಾಯಿತಿಗಳಿಗೆ ಬರುವ ಆಪ್ಟಿಕಲ್ ಫೈಬರ್ ಇದಕ್ಕಾಗಿಯೇ.

ಕೂದಲೆಳೆಯಂಥ ಗಾಜಿನ ಎಳೆಯಲ್ಲಿ ಬೆಳಕು ಮಾಹಿತಿ ಹೊತ್ತೊಯ್ಯುತ್ತದೆ. ಸಾಮಾನ್ಯ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆ ಸುಮಾರು 20 ಕಿ.ಮೀ. ಸಾಗಿ, ವಿದ್ಯುತ್ ಬೇಡದ ಸ್ಪ್ಲಿಟರ್ ಮೂಲಕ 32 ಮನೆಗಳಿಗೆ ಕವಲೊಡೆಯಬಲ್ಲದು. ಎಳೆ ಎರಡಾದಾಗಲೆಲ್ಲ ಬೆಳಕು ಅರ್ಧವಾಗುತ್ತದೆ; ದೂರ ಹೆಚ್ಚಿದಂತೆಯೂ ಕುಗ್ಗುತ್ತದೆ. ಆದ್ದರಿಂದ ದೂರದ ಹಳ್ಳಿಗೆ ತಲುಪಿಸಬೇಕಾದರೆ ಕವಲು ಕಡಿಮೆ ಮಾಡಬೇಕು, ಇಲ್ಲವೇ ನಡುವೆ ಬೆಳಕಿಗೆ ಬಲ ತುಂಬುವ ಸಾಧನ ಇಡಬೇಕು.

ವೇಗ ಸಾಲದಿದ್ದರೆ ನೆಲ ಮತ್ತೆ ಅಗೆಯಬೇಕಿಲ್ಲ. ಜಿಪಾನ್‌ನಲ್ಲಿ ಎಲ್ಲ ಮನೆಗಳೂ ಸೆಕೆಂಡಿಗೆ 2.5 ಗಿಗಾಬಿಟ್ ಹಂಚಿಕೊಳ್ಳುತ್ತವೆ. ಎರಡೂ ತುದಿಯ ಯಂತ್ರ ಬದಲಿಸಿ ಬೇರೆ ತರಂಗಾಂತರದ ಬೆಳಕು ಹಾಯಿಸಿದರೆ ಅದೇ ಎಳೆ 10 ಗಿಗಾಬಿಟ್ ಹೊರುತ್ತದೆ. ಕೊಟ್ಟಿಗೆ ಹಳೆಯದೇ, ತಳಿ ಹೊಸದು ಎಂದುಕೊಳ್ಳಿ.

ನಿಮ್ಮ ಪಾಲಿನ ಕೆಲಸವೂ ಇದೆ. ರಸ್ತೆ ಬದಿಯಲ್ಲಿ ಗೊಬ್ಬರದ ಗುಂಡಿ ತೋಡುವ ಮುನ್ನ ಪಂಚಾಯಿತಿಯಲ್ಲಿ ಕೇಬಲ್ ಬಗ್ಗೆ ವಿಚಾರಿಸಿ. ಸಂಘದಲ್ಲಿರುವ ಫೈಬರ್ ತಂತಿಯನ್ನು ಬಿಗಿಯಾಗಿ ಮಡಚಬೇಡಿ, ಬೆಳಕು ಸೋರುತ್ತದೆ. ಸ್ಪ್ಲಿಟರ್‌ಗೆ ಮೊದಲೇ ಎಳೆ ತುಂಡಾದರೆ 32 ಮನೆಗಳ ಸಂಪರ್ಕವೂ ಒಟ್ಟಿಗೇ ಹೋಗುತ್ತದೆ.