ಅರಿಷಿಣ, ಸಕ್ಕರೆ, ಕೋಲು, ಬಾಟಲಿ: ರಜೆಯಲ್ಲಿ ಮಕ್ಕಳ ಜೊತೆ ಮನೆಯಲ್ಲೇ ಮಾಡಬಹುದಾದ ವಿಜ್ಞಾನ

ಚಿಕ್ಕೋಡಿ: ಶಾಲೆಗೆ ಬೇಸಿಗೆ ರಜೆ ಬಿದ್ದಿದೆ. ಬೆಳಿಗ್ಗೆ ಒಂದು ತಾಸು ಕ್ರಿಕೆಟ್, ಬಿಸಿಲು ಏರಿತು ಅಂದ್ರೆ ಮಕ್ಕಳ ಕೈಯಲ್ಲಿ ಮೊಬೈಲ್. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಯಾವ ತಾಲ್ಲೂಕಿಗೆ ಹೋದ್ರೂ ಇದೇ ಕಥೆ. ಪಾಲಕರನ್ನು ಕೇಳಿದರೆ "ನಮಗ ವಿಜ್ಞಾನ ಎಲ್ಲಿ ಬರ್ತದರಿ, ಕಲಿಸಾಕ?" ಅಂತಾರೆ.

ಆದರೆ ಇದಕ್ಕೆ ದುಡ್ಡು ಕೊಟ್ಟು ತರುವ ಕಿಟ್ ಬೇಕಿಲ್ಲ, ಪಾಲಕರು ಪದವಿ ಓದಿರಬೇಕು ಅಂತಲೂ ಇಲ್ಲ. ಅಡುಗೆಮನೆಯ ಡಬ್ಬಿ, ಅಂಗಳದ ಬಿಸಿಲು, ಕುಡಿದು ಎಸೆದ ಬಾಟಲಿ ಸಾಕು. ಮಗು "ಯಾಕ ಹಂಗಾತು?" ಅಂತ ಕೇಳಿದಾಗ "ನನಗೂ ಗೊತ್ತಿಲ್ಲ, ಬಾ ಮಾಡಿ ನೋಡೂಣು" ಅನ್ನುವ ಮನಸ್ಸಿದ್ದರೆ ಅರ್ಧ ಕೆಲಸ ಆದಂತೆ.

ಶುರು ಮಾಡುವ ಮೊದಲು ಒಂದು ಹಳೆ ನೋಟ್‌ಬುಕ್ ತಗೊಳ್ಳಿ. ಪ್ರತಿ ಪ್ರಯೋಗಕ್ಕೂ ನಾಲ್ಕು ಸಾಲು ಬರೆಸಿ: ಏನಾಗಬಹುದು ಅಂತ ಊಹೆ, ಏನು ಮಾಡಿದ್ವಿ, ಏನು ಕಂಡಿತು, ಯಾಕೆ ಹಾಗಾಯ್ತು. ಊಹೆ ತಪ್ಪಾದರೆ ಅಳಿಸಬಾರದು, ಹಾಗೇ ಇರಲಿ.

1. ಅರಿಷಿಣದ ಬಣ್ಣ ಬದಲಾಗೋದು

ಬಿಳಿ ಅಂಗಿ ಮೇಲೆ ಸಾರು ಬಿದ್ದು ಹಳದಿ ಕಲೆ ಆಗಿರುತ್ತೆ. ಸಾಬೂನು ಹಚ್ಚಿದ ಕೂಡಲೇ ಅದು ಕೆಂಪಾಗುತ್ತೆ. ಪ್ರತಿ ಮನೆಯಲ್ಲೂ ಕಂಡ ದೃಶ್ಯ ಇದು. ಇದನ್ನೇ ಪ್ರಯೋಗ ಮಾಡಬಹುದು.

ಒಂದು ಚಮಚ ಅರಿಷಿಣ ಪುಡಿಗೆ ಸ್ವಲ್ಪ ನೀರು ಹಾಕಿ ಕಲಸಿ, ಗೆರೆ ಇಲ್ಲದ ಬಿಳಿ ಹಾಳೆಗೆ ತೆಳುವಾಗಿ ಬಳಿದು ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಬೆರಳಗಲದ ಪಟ್ಟಿ ಕತ್ತರಿಸಿ. ಬೇರೆ ಬೇರೆ ಬಟ್ಟಲಲ್ಲಿ ಲಿಂಬೆರಸ, ಮಜ್ಜಿಗೆ, ಬರೀ ನೀರು, ಅಡುಗೆ ಸೋಡಾ ಕರಗಿಸಿದ ನೀರು, ಬಟ್ಟೆ ಸಾಬೂನಿನ ನೀರು ಇಡಿ. ಒಂದೊಂದರಲ್ಲೂ ಒಂದು ಪಟ್ಟಿ ಅದ್ದಿ.

ಲಿಂಬೆರಸ, ಮಜ್ಜಿಗೆ, ನೀರಿನಲ್ಲಿ ಪಟ್ಟಿ ಹಳದಿಯಾಗೇ ಉಳಿಯುತ್ತೆ. ಸೋಡಾ, ಸಾಬೂನಿನ ನೀರಿನಲ್ಲಿ ಕೆಂಪಿಗೆ ತಿರುಗುತ್ತೆ. ಕೆಂಪಾದ ಪಟ್ಟಿಗೆ ಲಿಂಬೆರಸ ಹನಿಸಿದರೆ ಮತ್ತೆ ಹಳದಿ!

ಅರಿಷಿಣಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತು ಆಮ್ಲದಲ್ಲಿ ಹಳದಿ ಇರುತ್ತೆ, ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತೆ. ಶಾಲೆ ಪುಸ್ತಕದಲ್ಲಿ "ಸೂಚಕ" ಅಂತ ಓದುವುದು ಇದನ್ನೇ. ಆರತಿ ತಟ್ಟೆಯ ನೀರಿಗೆ ಅರಿಷಿಣ, ಸುಣ್ಣ ಹಾಕಿದರೆ ಕೆಂಪಾಗುವುದೂ, ಅರಿಷಿಣದಿಂದ ಕುಂಕುಮ ಮಾಡುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ಆಯಿ ಇದ್ದರೆ ಅವರನ್ನೇ ಕೇಳಿಸಿ. ಹೆಸರು ಗೊತ್ತಿಲ್ಲದಿದ್ದರೂ ಈ ರಸಾಯನಶಾಸ್ತ್ರ ಅವರಿಗೆ ಮೊದಲೇ ಗೊತ್ತು.

ಮುಂದಿನ ದಿನ ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರಿಗೆ ಲಿಂಬೆರಸ ಒಮ್ಮೆ, ಸೋಡಾ ಒಮ್ಮೆ ಹಾಕಿ ನೋಡಿ. ಅಲ್ಲಿ ಬಣ್ಣಗಳೇ ಬೇರೆ. ಎಚ್ಚರ: ಎಲೆ-ಅಡಿಕೆಯ ಸುಣ್ಣ ಬಳಸುವುದಾದರೆ ದೊಡ್ಡವರೇ ಮುಟ್ಟಬೇಕು. ಕಣ್ಣಿಗೆ ಬಿದ್ದರೆ ಸುಡುತ್ತೆ.

2. ಅರಿಷಿಣ, ಹಾಲು ಶುದ್ಧ ಐತೇನು?

ಮಕ್ಕಳಿಗೆ ಪತ್ತೇದಾರಿ ಕೆಲಸ ಅಂದ್ರೆ ಖುಷಿ. ಕಲಬೆರಕೆಯನ್ನು ಮನೆಯಲ್ಲೇ ಗುರುತಿಸುವ ಸರಳ ವಿಧಾನಗಳನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಕೈಪಿಡಿಯಾಗಿ ಹೊರತಂದಿದೆ. ಅದರಲ್ಲಿನ ಎರಡು ಇಲ್ಲಿವೆ.

ಅರಿಷಿಣ: ಒಂದು ಗ್ಲಾಸ್ ನೀರಿಗೆ ಒಂದು ಚಮಚ ಪುಡಿ ಹಾಕಿ, ಅಲುಗಾಡಿಸದೆ ಬಿಡಿ. ಒಳ್ಳೆ ಅರಿಷಿಣ ತಳಕ್ಕೆ ಇಳಿಯುತ್ತಾ ನೀರಿಗೆ ತಿಳಿ ಹಳದಿ ಬಣ್ಣ ಕೊಡುತ್ತೆ. ಕೃತಕ ಬಣ್ಣ ಸೇರಿದ್ದರೆ ನೀರು ಗಾಢ ಹಳದಿಯಾಗುತ್ತೆ.

ಹಾಲು: ನುಣುಪಾದ ಟೈಲ್ಸ್ ಅಥವಾ ಸ್ಟೀಲ್ ತಟ್ಟೆಯನ್ನು ಓರೆಯಾಗಿ ಹಿಡಿದು ಒಂದು ಹನಿ ಹಾಲು ಹಾಕಿ. ಒಳ್ಳೆ ಹಾಲು ನಿಲ್ಲುತ್ತೆ, ಇಲ್ಲವೇ ಬಿಳಿ ಗೆರೆ ಬಿಟ್ಟು ನಿಧಾನ ಇಳಿಯುತ್ತೆ. ನೀರು ಬೆರೆಸಿದ ಹಾಲು ಗುರುತು ಬಿಡದೆ ಸರ್ರನೆ ಹರಿದುಹೋಗುತ್ತೆ.

ಇಲ್ಲೊಂದು ಮಾತು ಪಾಲಕರೂ ಅಂಗಡಿಕಾರರೂ ಗಮನಿಸಬೇಕು. ಇದರಿಂದ ಬರುವುದು ಅನುಮಾನ ಮಾತ್ರ, ಸಾಕ್ಷಿ ಆಗೋದಿಲ್ಲ. ಅರಿಷಿಣ ಸಣ್ಣಗೆ ಬೀಸಿದ್ದರೆ ನಿಧಾನವಾಗಿ ಇಳಿಯುತ್ತೆ, ನೀರು ಹೆಚ್ಚು ಹೊತ್ತು ಹಳದಿ ಕಾಣುತ್ತೆ. ಎಮ್ಮೆ ಹಾಲು, ಆಕಳ ಹಾಲು, ಕೆನೆ ತೆಗೆದ ಹಾಲು ಒಂದೇ ರೀತಿ ಹರಿಯೋದಿಲ್ಲ. ಒಂದು ಸಲ ನೋಡಿ "ಆ ಅಂಗಡ್ಯಾಗ ಕಲಬೆರಕೆ ಮಾರ್ತಾರ" ಅಂತ ವಾಟ್ಸ್‌ಆ್ಯಪ್ ಗ್ರೂಪಿಗೆ ವಿಡಿಯೊ ಬಿಟ್ಟರೆ ತಪ್ಪಿಲ್ಲದವನ ವ್ಯಾಪಾರ ಹಾಳಾಗಬಹುದು. ಪ್ಯಾಕೆಟ್ ತುಂಬಿಸಿದವರು ಬೇರೆ, ಮಾರುವವರು ಬೇರೆ ಅನ್ನುವುದೂ ಇದೆ.

ಸರಿಯಾದ ದಾರಿ ಹೋಲಿಕೆ. ನಮ್ಮ ಭಾಗದಲ್ಲೇ ಅರಿಷಿಣ ಬೆಳೆಯುತ್ತಾರೆ. ಗೊತ್ತಿದ್ದ ರೈತರ ಮನೆಯಿಂದ ನಾಲ್ಕು ಅರಿಷಿಣ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿ. ಅದನ್ನೂ ಅಂಗಡಿಯದನ್ನೂ ಒಂದೇ ಅಳತೆಯ ನೀರಿನಲ್ಲಿ, ಒಂದೇ ಹೊತ್ತಿಗೆ ಹಾಕಿ, ಪಕ್ಕಪಕ್ಕ ಇಟ್ಟು ನೋಡಿ. ಮೂರು ಸಲ ಮಾಡಿ. ಆಗಲೂ ಅನುಮಾನ ಉಳಿದರೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಬಹುದು. ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಲು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಗ್ರಾಹಕರಿಗೆ ಅವಕಾಶ ಕೊಟ್ಟಿದೆ. ಅವಸರದಲ್ಲಿ ತೀರ್ಪು ಕೊಡಬಾರದು ಅನ್ನುವುದು ಮಗು ಈ ಪ್ರಯೋಗದಲ್ಲಿ ಕಲಿಯಬೇಕಾದ ದೊಡ್ಡ ಪಾಠ.

3. ಗ್ಲಾಸಿನಲ್ಲಿ ಸಕ್ಕರೆ ಕಾರ್ಖಾನೆ

ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಳ್ಳದವರು ಇಲ್ಲಿ ಯಾರಿದ್ದಾರೆ? ಕಾಗವಾಡ ತಾಲ್ಲೂಕಿನ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ದಶಕಗಳೇ ಕಳೆದಿವೆ. ಆದರೆ ಕಬ್ಬಿನ ರಸ ಹರಳು ಹೇಗಾಗುತ್ತೆ ಅನ್ನೋದು ಹೆಚ್ಚಿನ ಮಕ್ಕಳಿಗೆ ಗೊತ್ತಿಲ್ಲ.

ಒಂದು ಸಣ್ಣ ಚಹಾ ಕಪ್ ನೀರಿಗೆ ಅದೇ ಕಪ್ಪಿನಲ್ಲಿ ಮೂರು ಕಪ್ ಸಕ್ಕರೆ. ನೀರು ಕುದಿಸಿ, ಸಕ್ಕರೆ ಸ್ವಲ್ಪ ಸ್ವಲ್ಪವೇ ಹಾಕಿ ಪೂರ್ತಿ ಕರಗಿಸಿ. ಒಲೆ ಕೆಲಸ ದೊಡ್ಡವರದ್ದೇ. ಸಕ್ಕರೆ ಪಾಕ ಮೈಮೇಲೆ ಬಿದ್ದರೆ ಬಿಸಿನೀರಿಗಿಂತ ಜೋರಾಗಿ ಸುಡುತ್ತೆ. ಪಾಕವನ್ನು ಎರಡು ಗ್ಲಾಸಿಗೆ ಸಮವಾಗಿ ಹಾಕಿ ಉಗುರುಬೆಚ್ಚಗೆ ಆಗಲು ಬಿಡಿ.

ಎರಡು ದಾರ ತಗೊಳ್ಳಿ. ಒಂದನ್ನು ಒದ್ದೆ ಮಾಡಿ ಸಕ್ಕರೆಯಲ್ಲಿ ಹೊರಳಿಸಿ ಒಣಗಿಸಿ, ಇನ್ನೊಂದು ಬರೀ ದಾರ. ಕಡ್ಡಿಗೆ ಕಟ್ಟಿ ಒಂದೊಂದು ಗ್ಲಾಸಿನಲ್ಲಿ ಇಳಿಬಿಡಿ. ತೆಳು ಬಟ್ಟೆ ಮುಚ್ಚಿ, ಗ್ಲಾಸನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟರೆ ಇರುವೆ ಬರೋದಿಲ್ಲ. ಒಂದು ವಾರ ಅಲುಗಾಡಿಸಬೇಡಿ, ದಿನಾ ನೋಡಿ ಬರೆಯಿರಿ.

ಸಕ್ಕರೆ ಹೊರಳಿಸಿದ ದಾರದ ಮೇಲೆ ಹರಳು ಬೇಗ ಬೆಳೆಯಬೇಕು. 100 ಮಿ.ಲೀ. ನೀರು ಸಾಮಾನ್ಯ ತಾಪಮಾನದಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗಿಸಿಕೊಳ್ಳುತ್ತೆ, ಕುದಿಯುವಾಗ 450 ಗ್ರಾಂಗಿಂತ ಹೆಚ್ಚು. ತಣ್ಣಗಾದ ಮೇಲೆ ಹೆಚ್ಚಾಗಿ ಉಳಿದ ಸಕ್ಕರೆ ಕೂರಲು ಜಾಗ ಹುಡುಕುತ್ತೆ. ದಾರದ ಮೇಲಿನ ಸಣ್ಣ ಕಣಗಳು ಅದಕ್ಕೆ ಬೀಜ ಇದ್ದಂತೆ. ಕಾರ್ಖಾನೆಯಲ್ಲೂ ಪಾಕಕ್ಕೆ ಸಣ್ಣ ಸಕ್ಕರೆ ಕಣ ಹಾಕಿಯೇ ಹರಳು ಬೆಳೆಸುತ್ತಾರೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ ಮಾಡಿ, ಕಡಿಮೆ ಬಿಸಿಯಲ್ಲೇ ರಸ ಕುದಿಸುತ್ತಾರೆ. ಇಲ್ಲದಿದ್ದರೆ ಸಕ್ಕರೆ ಸೀದು ಕಂದಾಗುತ್ತೆ. ವಾರದ ಕೊನೆಗೆ ಸಿಕ್ಕ ಖಡೀಸಕ್ಕರೆ ತಿನ್ನೋಕೆ, ಉಳಿದ ಪಾಕ ಪಾನಕಕ್ಕೆ. ಏನೂ ದಂಡ ಆಗೋದಿಲ್ಲ.

4. ನೆರಳು ಮಾಯವಾಗುವ ದಿನ

ಮೇ ಮೊದಲ ವಾರ ಇದನ್ನು ತಪ್ಪಿಸಬೇಡಿ. ನಮ್ಮ ಐದೂ ತಾಲ್ಲೂಕುಗಳ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ನೇರಕ್ಕೆ ಬರುತ್ತಾನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದಲ್ಲಿ ಮೇ 5-6ರ ಸುಮಾರಿಗೆ, ಅಥಣಿ, ಕಾಗವಾಡದಲ್ಲಿ ಮೇ 6-7ರ ಸುಮಾರಿಗೆ. ಆಗಸ್ಟ್ ಮೊದಲ ವಾರ ಇನ್ನೊಮ್ಮೆ ಬರುತ್ತೆ, ಆದರೆ ಆಗ ಮೋಡ. ದೆಹಲಿಯವರಿಗೆ ಈ ಭಾಗ್ಯ ಇಲ್ಲ. ಅವರ ಊರು ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿದೆ, ಸೂರ್ಯ ಅಲ್ಲಿಯವರೆಗೆ ಏರೋದೇ ಇಲ್ಲ.

ಸಮತಟ್ಟಾದ ಜಾಗದಲ್ಲಿ ಒಂದು ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ 12ರಿಂದ 1ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ಆ ದಿನ 12.25ರಿಂದ 12.30ರ ನಡುವೆ ಕೋಲಿನ ನೆರಳು ಬುಡದಲ್ಲೇ ಅಡಗಿಬಿಡುತ್ತೆ. ಕೋಲಿನ ಬದಲು ತಂಬಿಗೆ ಇಟ್ಟರೂ ನಡೆಯುತ್ತೆ. ತಲೆಗೆ ಟೊಪ್ಪಿಗೆ ಇರಲಿ, ಸೂರ್ಯನನ್ನು ನೇರ ನೋಡಬಾರದು.

"12ಕ್ಕ ಆಗಬೇಕಿತ್ತಲ್ಲ, ಅರ್ಧ ತಾಸು ತಡಾ ಯಾಕ?" ಅಂತ ಮಗು ಕೇಳಿದರೆ ಉತ್ತರ ಗಡಿಯಾರದಲ್ಲಿದೆ. ಇಡೀ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತೆ. ಚಿಕ್ಕೋಡಿ ಇರುವುದು ಸುಮಾರು 74.6 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹೆಚ್ಚುಕಡಿಮೆ 8 ಡಿಗ್ರಿಗೆ 32 ನಿಮಿಷ. ಭೂಮಿಯ ಓರೆ, ಕಕ್ಷೆಯ ಆಕಾರದ ಕಾರಣ ಇದೂ ವರ್ಷಪೂರ್ತಿ ಹಿಂದೆಮುಂದೆ ಆಗುತ್ತೆ: ಚಿಕ್ಕೋಡಿಯ ನಿಜವಾದ ನಡುಮಧ್ಯಾಹ್ನ ನವೆಂಬರ್ ಆರಂಭದಲ್ಲಿ 12.15ಕ್ಕೆ, ಫೆಬ್ರುವರಿಯಲ್ಲಿ 12.46ರ ಹೊತ್ತಿಗೆ.

ಅಥಣಿಯಲ್ಲಿ ಸೋದರಮಾವ, ನಿಪ್ಪಾಣಿಯಲ್ಲಿ ನೀವು ಇದ್ದರೆ ಫೋನ್ ಹಚ್ಚಿ. ಅಥಣಿ ಪೂರ್ವಕ್ಕಿರುವುದರಿಂದ ಅಲ್ಲಿ ನಡುಮಧ್ಯಾಹ್ನ ಎರಡೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಮೊದಲೇ ಆಗಿರುತ್ತೆ.

5. ಮಳೆ ಅಳೆಯುವ ಬಾಟಲಿ

ಜೂನ್‌ಗೆ ಇದನ್ನು ಸಿದ್ಧ ಮಾಡಿಡಿ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ಕುತ್ತಿಗೆ ಭಾಗವನ್ನು ದೊಡ್ಡವರು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಟಲಿ ಮೇಲೆ ಕೂರಿಸಿ. ತಳ ಉಬ್ಬುತಗ್ಗು ಇರುವುದರಿಂದ ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗಿ ಬಾಟಲಿ ನೇರವಾಗುವವರೆಗೆ ನೀರು ತುಂಬಿ. ಆ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಗೆರೆ ಬರೆದ ಪಟ್ಟಿ ಅಂಟಿಸಿ. ಗಿಡ, ಪತ್ರಾಸಿನಿಂದ ದೂರ, ಬಯಲಿನಲ್ಲಿಡಿ. ಹವಾಮಾನ ಇಲಾಖೆಯಂತೆ ದಿನಾ ಬೆಳಿಗ್ಗೆ 8.30ಕ್ಕೆ ನೋಡಿ ಬರೆದು, ನೀರನ್ನು ಮತ್ತೆ ಸೊನ್ನೆಗೆ ತನ್ನಿ.

1 ಮಿ.ಮೀ. ಮಳೆ ಅಂದ್ರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. 10 ಅಡಿ ಉದ್ದ, 10 ಅಡಿ ಅಗಲದ ಮಾಳಿಗೆ ಮೇಲೆ 10 ಮಿ.ಮೀ. ಬಿದ್ದರೆ 90 ಲೀಟರಿಗೂ ಹೆಚ್ಚು.

ಈಗ ಅದೇ ಪುಟದಲ್ಲಿ ನದಿ ಸುದ್ದಿಯನ್ನೂ ಬರೆಸಿ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜ್‌ನಿಂದ ಇಷ್ಟು ಕ್ಯುಸೆಕ್ ಅಂತ ಮಳೆಗಾಲದಲ್ಲಿ ದಿನಾ ಸುದ್ದಿ ಬರುತ್ತೆ. ಒಂದು ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್, ಹೆಚ್ಚುಕಡಿಮೆ ಎರಡು ಬಕೆಟ್. ಒಂದು ಲಕ್ಷ ಕ್ಯುಸೆಕ್ ಅಂದ್ರೆ ಸೆಕೆಂಡಿಗೆ 28 ಲಕ್ಷ ಲೀಟರ್! ನಮ್ಮ ಬಾಟಲಿಯಲ್ಲಿ ಏನೂ ಇಲ್ಲದ ದಿನವೂ ಕೃಷ್ಣಾ, ದೂಧಗಂಗಾ, ವೇದಗಂಗಾ ಏರಿ ಕೆಳಮಟ್ಟದ ಸೇತುವೆ ಮುಳುಗಬಹುದು. ಯಾಕಂದ್ರೆ ಆ ನೀರು ಬಿದ್ದಿದ್ದು ಮಹಾರಾಷ್ಟ್ರ ಕಡೆಯ ಘಟ್ಟದಲ್ಲಿ. 2019ರ ಆಗಸ್ಟ್ ಪ್ರವಾಹ ಕಂಡ ಊರಿನ ಮಕ್ಕಳಿಗೆ "ನಮ್ಮೂರಾಗ ಮಳಿ ನಿಂತದ, ಹೊಳಿ ಇಳೀತು" ಅಂತ ನಂಬಿ ನದಿ ಕಡೆ ಹೋಗಬಾರದು ಅನ್ನುವುದು ಈ ಎರಡು ಸಾಲು ಅಂಕಿಗಳಿಂದಲೇ ತಿಳಿಯುತ್ತೆ. ನದಿ ಮಟ್ಟವನ್ನು ಸುದ್ದಿಯಿಂದಲೇ ಬರೆಯಿರಿ, ನೋಡಲು ದಂಡೆಗೆ ಹೋಗುವುದು ಬೇಡ.

ಇನ್ನೂ ಬೇಕು ಅನ್ನುವವರಿಗೆ

ಕಸದಿಂದ ವಿಜ್ಞಾನದ ಆಟಿಕೆ ಮಾಡುವುದರಲ್ಲಿ ಅರವಿಂದ ಗುಪ್ತಾ ಅವರ ಹೆಸರು ದೊಡ್ಡದು. ಐಐಟಿ ಕಾನ್ಪುರದಲ್ಲಿ ಓದಿದ ಅವರು ಪುಣೆಯ ಅಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳ ವಿಡಿಯೊ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಕನ್ನಡದಲ್ಲಿ ಓದಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ "ಬಾಲ ವಿಜ್ಞಾನ" ಪತ್ರಿಕೆ ಇದೆ.

ಒಂದೇ ದಿನ ಐದನ್ನೂ ಮಾಡಲು ಹೋಗಬೇಡಿ. ಈ ವಾರ ಅರಿಷಿಣ, ಮುಂದಿನ ವಾರ ಸಕ್ಕರೆ, ಮೇ ತಿಂಗಳಲ್ಲಿ ನೆರಳು, ಜೂನ್‌ನಲ್ಲಿ ಬಾಟಲಿ ಹೀಗೆ ಇರಲಿ. ಅಂಗಡಿ ಬಿಟ್ಟು ಬರಲಾಗದವರು ಗಲ್ಲಾ ಪಕ್ಕದಲ್ಲೇ ಎರಡು ಗ್ಲಾಸ್ ಇಟ್ಟು ಅರಿಷಿಣದ ಹೋಲಿಕೆ ಮಾಡಿಸಬಹುದು. ಗಿರಾಕಿಗಳೂ ನಿಂತು ನೋಡಲಿ. ಶಾಲೆ ಶುರುವಾದಾಗ ಆ ನೋಟ್‌ಬುಕ್ ಅನ್ನು ವಿಜ್ಞಾನ ಶಿಕ್ಷಕರಿಗೆ ತೋರಿಸಲು ಮಗುವಿಗೆ ಹೇಳಿ.